ಗದ್ದಕ್ಕೊಂದು ಬೆರಳು

ಸಯನ್ ಸ್ಟೇಷನ್ನಿನ ಮೆಟ್ಟಿಲು ಹತ್ತುವಷ್ಟರಲ್ಲಿ ಕೆನ್ನೆಯ ಉರಿ ಇಳಿಯತೊಡಗಿತ್ತು. ಉರಿ ಇಳಿದಂತೆ ಶುಭಾಂಗಿಯ ಕುತ್ತಿಗೆ ಎಡಕ್ಕೆ ಹೊರಳತೊಡಗಿತ್ತು. ಮೊದಲು ಬಲಗಿವಿಯ ಹಿಂದೆ ಯಾರೋ ಹಗ್ಗ ಬಿಗಿದಂಥ ಸೆಳೆತ, ಆಮೇಲೆ ತಲೆ ಬೇಡ ಬೇಡ ಅನ್ನುವಂಥ ಸಣ್ಣ ಅದುರು, ಆಮೇಲೆ ಗದ್ದ ತನ್ನ ಪಾಡಿಗೆ ತಾನು ಎಡಭುಜದ ಕಡೆ ನಡೆದುಬಿಡುವುದು. ಇವತ್ತು ಏಟು ಮೆತ್ತಗಾಯಿತೇನೋ ಅಂದುಕೊಂಡಳು. ಅಂದುಕೊಂಡದ್ದೇ ನಾಚಿಕೆಯಾಯಿತು. ಹೊಡೆಸಿಕೊಂಡವಳು ಏಟಿನ ಗುಣ ಅಳೆಯುವುದೆಂದರೆ ಎಂಥ ಬಾಳು! ಆದರೆ ಶಶಿಕಾಂತ ನಿಜಕ್ಕೂ ಈಚೆಗೆ ಮೆತ್ತಗೆ ಹೊಡೆಯುತ್ತಿದ್ದ. ಹೊಸ್ತಿಲ ಒಳಗೆ ನಿಂತು, ಮೊದಲು ಕೈಗಡಿಯಾರ ಬಿಚ್ಚಿ ದೇವರ ಗೂಡಿನ ಪಕ್ಕದ ಮಣೆಯ ಮೇಲಿಡುತ್ತಿದ್ದ, ಅದರ ಪಟ್ಟಿ ಹೆಂಡತಿಯ ಗಲ್ಲ ಗೀರಬಾರದೆಂದು. ಅವಳು ಬಲಗಿವಿಯ ಬೆಂಡೋಲೆ ತೆಗೆದು ಮುಷ್ಟಿಯಲ್ಲಿ ಹಿಡಿಯುತ್ತಿದ್ದಳು. ಅವನು ಕೈ ಎತ್ತಿ ಅರ್ಧಕ್ಕೇ ತಡೆಯುತ್ತಿದ್ದ. 'ಹೊಡೀರಿ, ಟ್ರೇನ್ ತಪ್ಪತೈತಿ' ಎಂದು ಅವಳೇ ಅನ್ನಬೇಕಾಗಿತ್ತು. ಫಟ್ ಎಂದದ್ದೇ ಕುತ್ತಿಗೆ ಬಾಗಿಲ ಚೌಕಟ್ಟಿನ ಹಾಗೆ ನೇರ ನಿಂತುಬಿಡುತ್ತಿತ್ತು. ಒಳಗಿನಿಂದ ಅತ್ತೆ ಕಾಶವ್ವ ಚಹಾ ಸೋಸುತ್ತ, 'ಆತೇನು?' ಎನ್ನುತ್ತಿದ್ದಳು. 'ಆತವ್ವ.' ಹಾಲು ಬಂತೇನು, ನೀರು ಬಂತೇನು ಎಂದು ಕೇಳುವ ಹಾಗೆ.

ಲೋಕಲಿನ ಹೆಂಗಸರ ಡಬ್ಬಿಯಲ್ಲಿ ಒಳಗೆ ತಳ್ಳಿಸಿಕೊಂಡು ನಿಂತಾಗ ಗದ್ದ ಪೂರ್ತಿ ಭುಜಕ್ಕೆ ಬಂದಿತ್ತು. ಎಡಕ್ಕೆ ಒಬ್ಬ ಹೆಂಗಸು ಕಿಟಕಿಯ ಸರಳಿಗೆ ಸಿಕ್ಕಿಸಿದ ಪುಟ್ಟ ಕನ್ನಡಿಯಲ್ಲಿ ಲಿಪ್‌ಸ್ಟಿಕ್ ಹಚ್ಚಿಕೊಳ್ಳುತ್ತಿದ್ದಳು. ಶುಭಾಂಗಿಯ ಮುಖ ಅವಳ ಮುಖದಿಂದ ಗೇಣಷ್ಟೂ ದೂರವಿರಲಿಲ್ಲ. ಕಣ್ಣು ಮುಚ್ಚಿಕೊಂಡರೆ ತೂಕ ತಪ್ಪುತ್ತದೆ, ಬಿಟ್ಟರೆ ಅವಳನ್ನೇ ನೋಡಬೇಕು. 'ಕ್ಯಾ ಘೂರ್ ರಹೀ ಹೈ? ಕಭೀ ಔರತ್ ನಹೀ ದೇಖೀ ಕ್ಯಾ?' ಎಂದಳು ಆ ಹೆಂಗಸು, ಇವಳು ತನ್ನನ್ನೇ ದುರುಗುಟ್ಟುತ್ತಿದ್ದಾಳೆಂದು. ಸುತ್ತಲಿನವರು ನಕ್ಕರು. 'ಕುತ್ತಿಗೆ... ಗರ್ದನ್...' ಎಂದು ಶುಭಾಂಗಿ ಬಾಯಿ ತೆರೆಯುವುದರೊಳಗೆ ಆಕೆ ಇವಳ ಗಲ್ಲಕ್ಕೆ ಅಂಗೈ ಕೊಟ್ಟು, ಕಪಾಟಿನ ಬಾಗಿಲು ದೂಡಿದ ಹಾಗೆ ಮುಖವನ್ನು ಆಚೆ ದೂಡಿದಳು. ಮುಖ ನೆಟ್ಟಗಾಯಿತು. ಕೈ ಅಲ್ಲೇ ಇರುವ ತನಕ ನೆಟ್ಟಗೇ ಇತ್ತು. ಕೈ ತೆಗೆದದ್ದೇ ತಿರುಗಿ ಹೋಯಿತು. 'ಪಾಗಲ್ ಹೈ' ಎಂದು ಆ ಹೆಂಗಸು ಕನ್ನಡಿ ಕಿತ್ತುಕೊಂಡು ಸರಿದಳು. ಅವಮಾನದ ನಡುವೆಯೇ ಶುಭಾಂಗಿಗೆ ಏನೋ ಹೊಳೆದ ಹಾಗಾಯಿತು, ಏನೆಂದು ಗೊತ್ತಾಗಲಿಲ್ಲ; ದಾದರಿನಲ್ಲಿ ಇಳಿಯುವ ನೂಕಿನಲ್ಲಿ ಅದು ಚಪ್ಪಲಿಯ ಉಂಗುಷ್ಟದ ಹಾಗೆ ಕಿತ್ತುಹೋಯಿತು.

ಇವತ್ತು ದೀಪ ಹಚ್ಚುವ ಹೊತ್ತಿಗೆ ದಾನಪ್ಪ ಬರುವವನಿದ್ದ. ಧಾರಾವಿಯ ಆ ಕಡೆ ಇರುವ ಮಾಜಿ ಪೈಲವಾನ ಅವನು. ಇಳಿದ ಭುಜ ಏರಿಸುತ್ತಾನೆ, ತಪ್ಪಿದ ಸೊಂಟ ಕೂಡಿಸುತ್ತಾನೆ. 'ಇದು ದಿನಾ ಬಡಿಯೂ ಮಾತಲ್ಲ. ಒಂದ ಸಲ ಝಾಡಿಸಿದ್ರ ಚಕ್ ಅಂತ ಕೂಡ್ತೈತಿ, ಮುಗೀತು' ಎಂದಿದ್ದನಂತೆ. ಅವನು ಹೀಗೆ ಕುತ್ತಿಗೆ ತಿರುವಿ ಝಾಡಿಸಿದ ಒಬ್ಬಾಕೆ ಮತ್ತೆ ಹಾಸಿಗೆಯಿಂದ ಏಳಲಿಲ್ಲವೆಂದು ಕೆಳಗಿನ ಮನೆಯವರು ಹೇಳಿದಾಗ ಕಾಶವ್ವ, 'ಆಕಿ ಹಣೇಬಾರ ತೀರಿತ್ತು. ಅದಕ್ಕ ದಾನಪ್ಪ ಏನ ಮಾಡ್ಯಾನು?' ಎಂದಿದ್ದಳು. ಶುಭಾಂಗಿ ಹೂಂ ಅಂದಿದ್ದಳು. ಯಾರೂ ಕುತ್ತಿಗೆ ಹಿಡಿದು ಹೂಂ ಅನ್ನಿಸಿರಲಿಲ್ಲ. ಒಂದೋ ಕೂಡಲಿ, ಒಂದೋ ಮುರಿಯಲಿ, ದಿನಾ ಬೆಂಡೋಲೆ ಬಿಚ್ಚುವುದು ತಪ್ಪಲಿ ಎಂದು ಅವಳ ಬಾಯೇ ಅಂದಿತ್ತು.

ಅಜ್ಜಿ ಮಲ್ಲವ್ವನ ಕಥೆಯಲ್ಲಿಯೂ ಒಬ್ಬಳ ಕುತ್ತಿಗೆ ತಿರುಗಿತ್ತು. ತವರೂರು ಇಂಡಿಯ ಆ ಮಣ್ಣಿನ ಮಾಳಿಗೆಯ ಮೇಲೆ ಕೌದಿ ಹೊದ್ದು ಮಲಗಿದಾಗ ಅಜ್ಜಿ ಹೇಳುತ್ತಿದ್ದಳು: ನೀರಿಲ್ಲದ ಊರಿಗೆ ಒಬ್ಬ ಹುಡುಗಿ ಹೊಳೆಯನ್ನೇ ಕರೆದುಕೊಂಡು ಹೊರಟಳಂತೆ. ಹೊಳೆ ಅಂದಿತಂತೆ, ನಾ ನಿನ್ನ ಹಿಂದ ಬರತೇನಿ, ನೀ ಹೊಳ್ಳಿ ನೋಡಬ್ಯಾಡ. ಹುಡುಗಿ ನಡೆದೇ ನಡೆದಳು. ಗೆಜ್ಜೆ ಕಟ್ಟಿದ ಹಾಗೆ ಹಿಂದೆ ಝುಳು ಝುಳು ಸಪ್ಪಳ. ಊರ ಅಗಸಿ ಕಂಡಿತು. ಆಗ ಸಪ್ಪಳ ನಿಂತಂಗಾತು. ಹುಡುಗಿ ಹೊಳ್ಳಿ ನೋಡಿದಳು. ಹೊಳೆ ಅಲ್ಲೇ ಇಂಗಿತು, ಕುತ್ತಿಗೆ ಅಲ್ಲೇ ಉಳಿಯಿತು. 'ಆಕಿ ಏನ ನೋಡಿದ್ಲ ಅಜ್ಜಿ?' 'ಅದನ್ನ ಆಕೀನ ಕೇಳಬೇಕವ್ವ. ಊರಾನ ಮಂದಿ ಕೇಳಲಿಲ್ಲ, ಕಲ್ಲ ಒಗದ್ರು.' ಆಗೆಲ್ಲ ಶುಭಾಂಗಿಗೆ ಹುಡುಗಿಯ ಮೇಲೆ ಸಿಟ್ಟು ಬರುತ್ತಿತ್ತು. ಇನ್ನೊಂದು ಹೆಜ್ಜೆ ಇಡಬಾರದಿತ್ತೇ? ಈಗ ಬೋರಿವಲಿಯ ಗಾಡಿಯಲ್ಲಿ, ಯಾರದೋ ಮೊಣಕೈ ಪಕ್ಕೆಲುಬಿಗೆ ಇರಿಯುತ್ತಿರುವಾಗ, ತನ್ನ ಬೆನ್ನ ಹಿಂದೆ ಯಾವ ಸಪ್ಪಳ ನಿಂತಿತು, ಯಾವಾಗ ನಿಂತಿತು ಎಂದು ಅವಳು ಹುಡುಕುತ್ತಿದ್ದಳು. ಹಾಸಿಗೆಯಲ್ಲಿ ಗಂಡ ಬಲಕ್ಕೆ, ಗೋಡೆ ಎಡಕ್ಕೆ. ಕುತ್ತಿಗೆ ತಿರುಗುವುದು ಗೋಡೆಯ ಕಡೆಗೆ. ನನಗೆ ಅವರ ಮುಖ ಬೇಡವಾಗಿದೆಯೇ? ಬಾಯಿಗೆ ಹೇಳಲಾಗದ್ದನ್ನು ಮೈ ಹೇಳುತ್ತಿದೆಯೇ? ಹಾಗಾದರೆ ಏಟು ಸರಿಯಾದ ಜಾಗಕ್ಕೇ ಬೀಳುತ್ತಿದೆ. ಶಶಿಕಾಂತನೂ ಅದನ್ನೇ ಅಂದಿದ್ದ: 'ನಿದ್ದಿಯಾಗ ನೆಟ್ಟಗ ಇರತಿ. ನಾ ಎದ್ದ ನೋಡೇನಿ. ಎಚ್ಚರಾದ ಕೂಡ್ಲೆ ಗ್ವಾಡಿ ನೋಡ್ತಿ. ಇದು ಜಡ್ಡ ಅಲ್ಲ, ಹಟ.'

ಮೊದಲ ಏಟು ಬಿದ್ದದ್ದು ನಾದಿನಿಯ ಕುಬಸದ ದಿನ. ಚಾಳಿನ ಓಣಿಗೆ ಪೆಂಡಾಲು ಹಾಕಿ, ಬೆಳಗಾವಿಯಿಂದ ಬಂದ ಬೀಗರನ್ನೆಲ್ಲ ಕೂರಿಸಿ, ಹಸಿರು ಸೀರೆ ಹಸಿರು ಬಳೆಯ ಬಸುರಿಗೆ ಉಡಿ ತುಂಬುತ್ತಿದ್ದರು. ಮನೆಯ ಸೊಸೆ ಮುಂದಾಗಬೇಕು. ಶುಭಾಂಗಿ ತೆಂಗಿನಕಾಯಿ, ಅಕ್ಕಿ, ಕೊಬ್ಬರಿ ಬಟ್ಟಲು ಹಿಡಿದು ಬಾಗಿದಳು. ಎರಡೂ ಕೈ ಉಡಿಯ ಮೇಲಿದ್ದಾಗ ಕುತ್ತಿಗೆ ನಿಧಾನವಾಗಿ, ಎಲ್ಲರೂ ನೋಡುವಷ್ಟು ನಿಧಾನವಾಗಿ, ಬಸುರಿಯಿಂದ ಆಚೆ ತಿರುಗಿತು. ಕುಂಕುಮ ಹಚ್ಚಲು ಹೋದ ಬೆರಳು ನಾದಿನಿಯ ರೆಪ್ಪೆಗೆ ತಾಗಿತು. ಹಾಡು ನಿಂತಿತು. 'ಮಾರಿ ತಿರುವಿ ಉಡಿ ತುಂಬಿದ್ಲು!' ಎಂದು ಯಾರೋ ಅಂದರು. ಮುಖ ತಿರುಗಿಸಿ ತುಂಬಿದ ಉಡಿ ಬರಿದಾಗುತ್ತದೆಂದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ನಾದಿನಿ ಅತ್ತಳು. ಬೀಗರು ಊಟಕ್ಕೆ ಏಳಲಿಲ್ಲ. ಅಡುಗೆಮನೆಗೆ ಎಳೆದು ತಂದು ಶಶಿಕಾಂತ ಹೊಡೆದದ್ದು ಆಗ. ಹೊಡೆದು ಗೊತ್ತಿಲ್ಲದ ಕೈ. ಏಟಿನ ಜೊತೆಗೆ ತಾನೂ ತೂರಾಡಿದ. ಆಗಲೇ ಆ ಕೆಟ್ಟ ಪವಾಡ ನಡೆದದ್ದು: ಮೂರು ವಾರದಿಂದ ಆಗಾಗ ಹೊರಳುತ್ತಿದ್ದ ಕುತ್ತಿಗೆ ಚಪ್ಪಾಳೆ ತಟ್ಟಿದ ಹಾಗೆ ನೇರವಾಯಿತು. ಬಾಗಿಲಲ್ಲಿದ್ದ ಕಾಶವ್ವ ಎದೆಯ ಮೇಲೆ ಕೈಯಿಟ್ಟುಕೊಂಡು, 'ನೋಡಪಾ ನೋಡು! ಪೆಟ್ಟಿಗೆ ಮಣೀತು' ಎಂದಳು. ನೇರ ಮಾಡಿಕೊಂಡ ಮುಖ ಹೊತ್ತು ಶುಭಾಂಗಿ ಹೊರಗೆ ಹೋಗಿ ಮತ್ತೊಮ್ಮೆ ಉಡಿ ತುಂಬಿದಳು. ಕೂಸು ಚೆನ್ನಾಗಿಯೇ ಹುಟ್ಟಿತು, ಗುಂಡುಗುಂಡಗೆ. ಅದು ಯಾರ ಲೆಕ್ಕಕ್ಕೂ ಬರಲಿಲ್ಲ. ಲೆಕ್ಕಕ್ಕೆ ಬಂದದ್ದು ಏಟು. ಅಂದು ಸಿಟ್ಟಾಗಿದ್ದದ್ದು ಮರುದಿನ ಔಷಧವಾಯಿತು.

ಕಾಂದಿವಲಿಯ ಪಾರ್ಲರಿನ ಕಣ್ಣು ಕುಕ್ಕುವ ಬೆಳಕಿನಲ್ಲಿ ನೀಲಾವತಿ ಗಡಿಯಾರ ನೋಡಿದಳು. ಉಡುಪಿ ಕಡೆಯ ಹೆಂಗಸು, ಪಾರ್ಲರಿನ ಒಡತಿ, ಬೈಗುಳದಲ್ಲಿಯೂ ಬೆಣ್ಣೆ. 'ಎಂತ ಮಾರಾಯ್ತಿ, ಇವತ್ತೂ ಲೇಟಾ? ಕೆನ್ನೆ ಮತ್ತೆ ಕೆಂಪುಂಟಲ್ಲ. ರೂಜ್ ಹಚ್ಚಿಕೊಂಡು ಬಂದದ್ದಾ ಹೇಗೆ?' ಎಂದಳು. ಗೊತ್ತಿದ್ದೂ ಕೇಳುವ ಕೇಳಿಕೆ. ಶುಭಾಂಗಿ ಹುಬ್ಬು ತೀಡುವ ದಾರದ ಉಂಡೆ ಎತ್ತಿಕೊಂಡಳು. ಇಲ್ಲಿ ಬಂದ ಮೇಲೆ ಅವಳು ಬೇರೆಯೇ ಹೆಂಗಸು. ದಾರದ ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿ, ಇನ್ನೊಂದನ್ನು ಎರಡು ಕೈಗೂ ಸುತ್ತಿ, ಗಿರಾಕಿಯ ಹುಬ್ಬಿನ ಮೇಲೆ ಬಾಗಿದಳೆಂದರೆ ಕುತ್ತಿಗೆ ಪೂಜಾರಿಯ ಗಂಟೆಯ ಹಾಗೆ ಹೇಳಿದಲ್ಲಿ ನಿಲ್ಲುತ್ತಿತ್ತು. ಇದನ್ನೂ ಶಶಿಕಾಂತ ಒಂದು ದಿನ ಬಂದು ಗಾಜಿನಾಚೆಯಿಂದ ನೋಡಿದ್ದ. 'ಅಲ್ಲಿ ಪರಮಂದಿ ಮಾರಿ ನೋಡಾಕ ನೆಟ್ಟಗ. ಮನ್ಯಾಗ ಸೊಟ್ಟ. ತಿಳೀತು ತಿಳೀತು' ಎಂದಿದ್ದ. ಅವಳಿಗೆ ತಿಳಿದಿರಲಿಲ್ಲ. ದಾರ ಕಚ್ಚಿದಾಗ ತಾನು ಸುಳ್ಳುಗಾತಿಯೋ ಬಿಟ್ಟಾಗ ಸುಳ್ಳುಗಾತಿಯೋ ಎಂಬುದೇ ತಿಳಿದಿರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಬಂದ ಹೊಸ ಗಿರಾಕಿ ಕಾಟನ್ ಸೀರೆಯ ನಡುವಯಸ್ಸಿನವಳು. ವೈಶಾಲಿ ಎಂದು ಹೆಸರು ಹೇಳಿದಳು, ಶಾಲೆಯ ಟೀಚರಂತೆ, ಕನ್ನಡದವಳೇ. ಏನೋ ಯೋಚಿಸುತ್ತಿರುವವಳ ಹಾಗೆ ತೋರುಬೆರಳನ್ನು ಗದ್ದಕ್ಕೆ ಆನಿಸಿಕೊಂಡೇ ಕೂತಿದ್ದಳು. ಕುರ್ಚಿಯ ತಲೆದಿಂಬು ಮುರಿದಿತ್ತು, ಒರಗುವಂತಿರಲಿಲ್ಲ. 'ಮೇಡಂ, ಎರಡೂ ಕೈಲಿ ರೆಪ್ಪೆ ಮ್ಯಾಲ ಕೆಳಗ ಜಗ್ಗಿ ಹಿಡೀರಿ' ಎಂದಳು ಶುಭಾಂಗಿ ಹಲ್ಲಿನ ದಾರದ ಸಂದಿಯಿಂದ. ಹೆಂಗಸು ಅನುಮಾನಿಸಿದಳು. 'ಒಂದ ಕೈ ಸಾಕಾಗೂದಿಲ್ಲೇನು?' 'ಚರ್ಮ ಸಡಲ ಆದ್ರ ಕೊಯ್ತೈತ್ರಿ.' ವೈಶಾಲಿ ಉಸಿರುಗರೆದು ಗದ್ದದ ಬೆರಳು ತೆಗೆದಳು. ದಾರ ಓಡಿತು, ಓಡಿದ ಮರುಕ್ಷಣವೇ ಅವಳ ತಲೆ ಸರ್ರನೆ ಬಲಕ್ಕೆ ತಿರುಗಿತು. ದಾರ ಹುಬ್ಬಿನ ತುದಿಯನ್ನು ಸೀಳಿತು. ರಕ್ತ ಸಣ್ಣ ಮಣಿಯಾಗಿ ಕೂತಿತು, ಆಮೇಲೆ ಇಳಿಯಿತು. ಶುಭಾಂಗಿ ಹಾ ಎಂದಳು. ಹಾ ಎಂದಾಗ ಹಲ್ಲಿನಿಂದ ದಾರ ಜಾರಿತು. ಅವಳ ತಲೆ ಎಡಕ್ಕೆ ಹೋಯಿತು. ಕನ್ನಡಿಯಲ್ಲಿ ಇಬ್ಬರು ಹೆಂಗಸರು, ಒಬ್ಬಳು ಬಲಕ್ಕೆ, ಒಬ್ಬಳು ಎಡಕ್ಕೆ, ಜಗಳವಾಡಿ ಮುನಿಸಿಕೊಂಡವರ ಹಾಗೆ.

ನೀಲಾವತಿ 'ಅಯ್ಯೋ ದೇವರೇ, ಎಂತ ಮಾಡಿದಿ!' ಎಂದು ಹತ್ತಿ ತರಲು ಓಡಿದಳು. ವೈಶಾಲಿ ಮಾತ್ರ ರಕ್ತ ಒರೆಸಿಕೊಳ್ಳಲಿಲ್ಲ. ಗದ್ದಕ್ಕೆ ಬೆರಳಿಟ್ಟುಕೊಂಡಳು, ತಲೆ ನೇರವಾಯಿತು, ಕನ್ನಡಿಯಲ್ಲಿ ಶುಭಾಂಗಿಯನ್ನು ನೋಡಿದಳು. 'ಯಾವಾಗಿಂದ?' ಎಂದಳು. ಶುಭಾಂಗಿ ಬಿದ್ದ ದಾರ ಎತ್ತಿಕೊಂಡಳು. 'ವರ್ಷ ಆತ್ರಿ.' 'ನಿದ್ದಿಯೊಳಗ ಇರೂದಿಲ್ಲ ಹೌದಲ್ಲ? ಮುಂಜಾನೆ ಎದ್ದಾಗ ಘಳಿಗಿ ಹೊತ್ತ ಛಲೋ ಇರ್ತದ? ದಣದ್ರ, ಯಾರರ ದಿಟ್ಟಿಸಿ ನೋಡಿದ್ರ, ಅಂಜಿದ್ರ, ಜಾಸ್ತಿ?' ಒಂದೊಂದು ಪ್ರಶ್ನೆಯೂ ತನ್ನ ಮನೆಯ ಒಳಕೋಣೆಯನ್ನು ಕಿಟಕಿಯಿಂದ ನೋಡಿ ಕೇಳಿದ ಹಾಗಿತ್ತು. 'ಅರೇ ದೇವಾ, ಹಂಗ ನೋಡಬ್ಯಾಡ. ನಾ ಮಾಟಗಾರ್ತಿ ಅಲ್ಲ. ನಂದೂ ಅದ. ಡಿಸ್ಟೋನಿಯಾ ಅಂತಾರ ಇದಕ್ಕ. ಕುತ್ತಿಗಿ ತಪ್ಪಿಲ್ಲ. ಮಿದುಳು ಕುತ್ತಿಗಿ ನರಕ್ಕ ತಪ್ಪ ಹುಕುಂ ಕಳಸ್ತದ. ನನಗೂ ಭಾಳ ಮಂದಿ ದಿಮಾಕು ಅಂದ್ರು.' ಆಮೇಲೆ, ಕೇಳದೆ, ಕೈ ಚಾಚಿ, ಚಿಟ್ಟೆ ಕೂತಷ್ಟು ಹಗುರವಾಗಿ ಶುಭಾಂಗಿಯ ಗದ್ದಕ್ಕೆ ಒಂದು ಬೆರಳು ತಾಗಿಸಿದಳು.

ಕುತ್ತಿಗೆ ಬಂತು. ದೂಡದೆ, ಎಳೆಯದೆ, ಕರೆದರೆ ಬರುವ ಕರುವಿನ ಹಾಗೆ ಬಂತು. ಕನ್ನಡಿಯಲ್ಲಿ ತನ್ನ ಮುಖ ತನಗೆ ಎದುರಾಗಿ ನಿಂತಿತು. ಶುಭಾಂಗಿಗೆ ಮೊದಲು ಬಂದದ್ದು ಸಂತೋಷವಲ್ಲ. ಕಿವಿಯಲ್ಲಿ ಒಂದು ಫಟ್ ಕೇಳಿಸಿತು, ಅದರ ಹಿಂದೆ ಇನ್ನೊಂದು, ಮತ್ತೊಂದು, ಹೊಸ್ತಿಲ ಒಳಗಿನ ಎಲ್ಲ ಮುಂಜಾವುಗಳೂ ಒಟ್ಟಿಗೇ ಬಾರಿಸಿದವು. ಬೇಕಿರಲಿಲ್ಲ. ಯಾವುದೂ ಬೇಕಿರಲಿಲ್ಲ. ಏಟಿನಲ್ಲಿ ಕೆಲಸ ಮಾಡಿದ್ದು ಏಟಲ್ಲ, ಗಲ್ಲಕ್ಕೆ ತಾಗಿದ ಚರ್ಮ. ಇಷ್ಟೇ ಇಷ್ಟು. ಬೆಳಿಗ್ಗೆ ಆ ಲಿಪ್‌ಸ್ಟಿಕ್ಕಿನವಳ ಕೈ ಇದನ್ನೇ ಹೇಳಿತ್ತು. ದಾರ ದಿನಾ ಹೇಳುತ್ತಿತ್ತು. ಔಷಧವೆಂದುಕೊಂಡಿದ್ದರೆ ಏಟಿಗೆ ಒಂದು ಮರ್ಯಾದೆಯಿತ್ತು. ಈಗ ಅದು ಬರೀ ಏಟು. ಅವಳಿಗೆ ಯಾರನ್ನಾದರೂ ಕೊಲ್ಲಬೇಕೆನಿಸಿತು. ಕತ್ತರಿ, ಕುದಿಯುವ ಮೇಣದ ಡಬ್ಬಿ, ಗಾಜಿನ ಸೀಸೆ, ಒಂದೊಂದೂ ಕೈಗೆಟಕುವಂತೆ ಹತ್ತಿರ ಬಂದವು. ವೈಶಾಲಿಯನ್ನೇ ಕೊಲ್ಲಬೇಕೆನಿಸಿತು, ಇಷ್ಟು ಹಗುರವಾಗಿ ಮುಟ್ಟಿದ್ದಕ್ಕೆ. 'ಪೂರಾ ಹೋಗೂದಿಲ್ಲ ಇದು' ಎನ್ನುತ್ತಿದ್ದಳು ಆಕೆ, ಹುಬ್ಬಿಗೆ ಹತ್ತಿ ಒತ್ತಿಕೊಂಡು. 'ಆದ್ರ ಹದದೊಳಗ ಇಟ್ಟುಗೋಬಹುದು. ಮೂರು ತಿಂಗಳಿಗೊಮ್ಮೆ ನಾ ಇಂಜೆಕ್ಷನ್ ತಗೋತೀನಿ. ಮುಖದ ಸುಕ್ಕು ಹೋಗ್ಲಿ ಅಂತ ಶ್ರೀಮಂತ ಹೆಣಮಕ್ಕಳು ಚುಚ್ಚಿಸಿಗೋತಾರ ನೋಡು, ಅದ. ಬಿಗದ ನರ ಸಡಲ ಆಗ್ತದ. ವ್ಯಾಯಾಮ ಹೇಳಿಕೊಡ್ತಾರ. ನಿನ್ನ ಮನಿ ಎಲ್ಲಿ? ಸಯನ್? ಮತ್ತ ದೊಡ್ಡ ಸರ್ಕಾರಿ ಆಸ್ಪತ್ರಿ ಬಾಗಲಕ್ಕ ಅದ. ನರದ ಡಾಕ್ಟರ್ ಕಡೆ ತೋರಸು. ಒಂದ ಮಾತು, ಯಾರ ಕೈಲೂ ಜಗ್ಗಿಸಿಗೋಬ್ಯಾಡ. ಕುತ್ತಿಗಿ ಅದು, ನಳದ ತೋಟಿ ಅಲ್ಲ.'

'ಮೇಡಂ, ನನಗ ಮನ್ಯಾಗ ಹೊಡೀತಾರ್ರಿ, ನೆಟ್ಟಗಾಗಲಿ ಅಂತ.' ಯಾಕೆ ಹೇಳಿದಳೋ! ಹೇಳಿದ್ದೇ ಗಂಡನನ್ನು ಬೀದಿಯಲ್ಲಿ ಬಟ್ಟೆ ಬಿಚ್ಚಿ ನಿಲ್ಲಿಸಿದಂತಾಗಿ ಕುಗ್ಗಿದಳು. 'ಕೆಟ್ಟವರಲ್ಲರಿ. ಗಡಿಯಾರ ತಗದ ಹೊಡೀತಾರ.' ಹತ್ತಿ ಹಿಡಿದು ನಿಂತಿದ್ದ ನೀಲಾವತಿ, 'ಹೋ, ಭಾರೀ ಉಪಕಾರ! ಗಡಿಯಾರ ಹಾಳಾಗುದು ಬೇಡ ಅಂತ ಇರಬೇಕು' ಎಂದಳು. ಮೂವರೂ ನಕ್ಕರು. ನಗುತ್ತ ನಗುತ್ತ ಶುಭಾಂಗಿ ಓಡಿಹೋಗಿ ಬಚ್ಚಲಲ್ಲಿ ವಾಂತಿ ಮಾಡಿಕೊಂಡಳು.

ಮನೆಗೆ ಬರುವಾಗ ಗಾಡಿಯಲ್ಲಿ ಗದ್ದಕ್ಕೆ ಬೆರಳಿಟ್ಟುಕೊಂಡೇ ನಿಂತಳು. ಒಂದು ಕೈಗೆ ಮೇಲಿನ ಹಿಡಿಕೆ, ಒಂದಕ್ಕೆ ಗದ್ದ. ಜಗತ್ತು ಎಷ್ಟು ನೇರವಾಗಿತ್ತು! ಎದುರಿನವರ ಮುಖ ಎದುರಿಗೇ ಇರುತ್ತಿತ್ತು. ಸಾಂತಾಕ್ರೂಜಿನಲ್ಲಿ ವಿಮಾನವೊಂದು ಛಾವಣಿ ಕೆರೆಯುವಷ್ಟು ಕೆಳಗೆ ಹಾದು ಹೋಯಿತು, ಅದನ್ನೂ ನೇರವಾಗಿ ನೋಡಿದಳು. ಹೇಳುತ್ತೇನೆ, ತೋರಿಸುತ್ತೇನೆ, ನಗುತ್ತಾರೆ, ದಾನಪ್ಪನನ್ನು ಕಳಿಸುತ್ತಾರೆ. ಬಾಯಲ್ಲಿ ಮಾತು ಜೋಡಿಸಿದಳು. ಮಾತಿನ ಕೆಳಗೆ, ಕತ್ತರಿಯ ಹೊಳಪು ಹಾಗೇ ಇತ್ತು.

ದಾನಪ್ಪ ಆಗಲೇ ಬಂದು ಕೂತಿದ್ದ. ಚಾಪೆ ಹಾಸಿತ್ತು, ಬಟ್ಟಲಲ್ಲಿ ಸಾಸಿವೆ ಎಣ್ಣೆ ಬೆಚ್ಚಗೆ ಹೊಗೆಯಾಡುತ್ತಿತ್ತು. ಕಾಶವ್ವ ದೇವರ ಮುಂದೆ ದೀಪ ಹಚ್ಚಿ ಕೈ ಮುಗಿಯುತ್ತಿದ್ದಳು. ಶಶಿಕಾಂತ ಟ್ರಾನ್ಸ್‌ಪೋರ್ಟ್ ಕಂಪನಿಯ ಕೆಲಸದಿಂದ ಬೇಗ ಬಂದು ಗೋಡೆಗೆ ಒರಗಿ ನಿಂತಿದ್ದ. 'ಬಾ ತಂಗಿ' ಎಂದ ದಾನಪ್ಪ. ಮುದುಕನಾದರೂ ಕುತ್ತಿಗೆ ಎತ್ತಿನ ಕುತ್ತಿಗೆ, ಕಿವಿ ಹೂಕೋಸಿನ ಹಾಗೆ ಮುರುಟಿದ್ದವು. 'ರೀ, ಒಂದ ಮಾತ ಕೇಳ್ರಿ' ಎಂದಳು ಶುಭಾಂಗಿ, ಬೆರಳು ಗದ್ದದಲ್ಲೇ ಇತ್ತು. 'ಇದು ನರದ ಬ್ಯಾನಿ ಅಂತ. ಇಲ್ಲೆ ಮುಟ್ಟಿದ್ರ ಸಾಕಂತ...' 'ಹಾಂ, ಝಾಡಸೂ ಮುಂದ ಎಲ್ಲಾರದೂ ನೆಟ್ಟಗಾಗತೈತಿ' ಎಂದು ದಾನಪ್ಪ ನಕ್ಕ. 'ಅಂಜಿಕಿ ಅದು.' ಕಾಶವ್ವ, 'ಬರೂ ಹಾದ್ಯಾಗ ಯಾವಾಕಿ ಕಿವಿ ಊದಿದ್ಲೋ. ಕುಂಡರ ಶುಭಾ, ದೀಪ ಹಚ್ಚೇತಿ, ಒಲ್ಲೆ ಅನಬಾರದು' ಎಂದು ಭುಜ ಒತ್ತಿದಳು. ಶುಭಾಂಗಿ ಗಂಡನ ಕಡೆ ನೋಡಿದಳು. ಅವನು ತನ್ನ ಕಾಲ್ಬೆರಳು ನೋಡುತ್ತಿದ್ದ. ಕೂತಳು. ಯಾಕೆ ಕೂತಳು? ಕೂತದ್ದು ಅವಳಲ್ಲ, ದಿನಾ ಬೆಂಡೋಲೆ ಬಿಚ್ಚುತ್ತಿದ್ದವಳು.

ಮೊಣಕಾಲೊಂದು ಬೆನ್ನಿಗೆ ಊರಿತು. ಎಣ್ಣೆಯ ಅಂಗೈಗಳೆರಡು ಗಲ್ಲಗಳನ್ನು ಹಿಡಿದವು. ಹಿಡಿದದ್ದೇ ಕುತ್ತಿಗೆ ನೇರ ನಿಂತಿತು. 'ನೋಡ್ರಿ ಯವ್ವಾ, ನನ್ನ ಕೈ ಹತ್ತೂದ ತಡ!' ಎಂದ ದಾನಪ್ಪ ಹೆಮ್ಮೆಯಿಂದ. 'ನೆಟ್ಟಗಾತಲ್ಲ, ಬಿಡ್ರಿ ಮತ್ತ!' ಎಂದು ಶುಭಾಂಗಿ ಕಿರುಚಿದಳು. 'ಆತು, ಇನ್ನೊಂದ ಝಾಡು, ಉಸಿರ ಬಿಡು.' ಅವನ ಎದೆ ಉಬ್ಬಿದ್ದು ಬೆನ್ನಿಗೆ ಗೊತ್ತಾಯಿತು. ಮಣಿಕಟ್ಟು ಬಿಗಿಯಿತು. ಕುತ್ತಿಗೆಯ ಒಳಗೆ, ಬೆರಳೂ ಏಟೂ ಎಂದೂ ತಲುಪದ ಆಳದಲ್ಲಿ, ಏನೋ ಕಿರ್ರೆಂದಿತು. ಏಳದೆ ಹೋದ ಆ ಹೆಂಗಸು ಅವಳ ಕಣ್ಣ ಮುಂದೆ ಚಾಪೆಯ ಮೇಲೆ ಮಲಗಿದಳು. ಬಾಯಿಯ ಪಕ್ಕದಲ್ಲೇ ದಾನಪ್ಪನ ಹೆಬ್ಬೆರಳ ಬುಡ, ರೋಮ, ಎಣ್ಣೆ. ಶುಭಾಂಗಿ ಕಚ್ಚಿದಳು. ದಾರ ಕಚ್ಚುವ ಹಲ್ಲು, ದಿನವಿಡೀ ಬಿಡದೆ ಹಿಡಿದು ಗೊತ್ತಿದ್ದ ಹಲ್ಲು. ಮೊದಲು ಎಣ್ಣೆಯ ಘಾಟು, ಆಮೇಲೆ ಉಪ್ಪು, ಆಮೇಲೆ ಬಿಸಿ. ದಾನಪ್ಪ ಹೋರಿಯ ಹಾಗೆ ಅರಚಿದ. ಇನ್ನೊಂದು ಕೈಯಿಂದ ಅವಳ ನೆತ್ತಿಗೆ ಗುದ್ದಿದ. ಅವಳು ಬಿಡಲಿಲ್ಲ. ಕಚ್ಚಿ ಹಿಡಿದಷ್ಟು ಹೊತ್ತೂ ಅವಳ ತಲೆ ನೇರವಾಗಿತ್ತು, ಆ ನೇರದಲ್ಲಿ ಮನೆಯೆಲ್ಲ ಸ್ಪಷ್ಟವಾಗಿ ಕಂಡಿತು: ಉರುಳಿದ ಬಟ್ಟಲು, ಚಾಪೆಯ ಮೇಲೆ ಹರಿಯುವ ಎಣ್ಣೆ, 'ದೆವ್ವ! ದೆವ್ವನ ಐತಿ!' ಎಂದು ಬಾಯಿ ಬಡಿದುಕೊಳ್ಳುವ ಕಾಶವ್ವ, ತನ್ನ ಕಡೆಗೆ ಬರುತ್ತಿರುವ ಶಶಿಕಾಂತ. ಗಡಿಯಾರ ಬಿಚ್ಚಿರಲಿಲ್ಲ. ಏಟು ಬಿತ್ತು. ಪಟ್ಟಿಯ ಕೊಂಡಿ ಗಲ್ಲ ಸೀಳಿತು.

ಅವಳ ಬಾಯಿ ಬಿಟ್ಟಿತು. ದಾನಪ್ಪ ಕೈಯನ್ನು ಕಂಕುಳಲ್ಲಿ ಅವಚಿಕೊಂಡು ಬಾಗಿಲಿಗೆ ಡಿಕ್ಕಿ ಹೊಡೆದು ಹೊರಬಿದ್ದ. 'ನಾಯಿ ಸಾಕೀರಿ ಮನ್ಯಾಗ, ನಾಯಿ!' ಎಂದು ಮೆಟ್ಟಿಲಿಳಿಯುವ ತನಕ ಕೂಗಿದ. ಕೆಳಗಿನವರು ಬಾಗಿಲು ತೆರೆದ ಸಪ್ಪಳವಾಯಿತು. ಶುಭಾಂಗಿಯ ತಲೆ ಎಂದಿನ ಹಾಗೆ ಎಡಕ್ಕೆ ಹೊರಳಿ ಭುಜಕ್ಕೆ ಅಂಟಿತು. 'ಈ ಪೆಟ್ಟಿಗೆ ಯಾಕ ನೆಟ್ಟಗಾಗಲಿಲ್ಲ?' ಎಂದ ಶಶಿಕಾಂತ, ಏದುಸಿರಿನಲ್ಲಿ, ನಿಜವಾದ ಅಚ್ಚರಿಯಿಂದ. ಅವಳು ಗಲ್ಲದ ರಕ್ತ ಒರೆಸಿಕೊಂಡಳು, ಅದೇ ಒದ್ದೆ ಬೆರಳನ್ನು ಗದ್ದಕ್ಕೆ ಇಟ್ಟಳು, ತಲೆ ಎತ್ತಿ ಅವನ ಕಣ್ಣಿಗೆ ಕಣ್ಣಿಟ್ಟಳು. 'ಪೆಟ್ಟ ಬೇಕಾಗೇ ಇರಲಿಲ್ರಿ. ಎಂದೂ ಬೇಕಾಗಿರಲಿಲ್ಲ. ಇಷ್ಟ ಸಾಕಿತ್ತು.' ಬೆರಳು ತೆಗೆದಳು, ತಲೆ ಹೋಯಿತು. ಇಟ್ಟಳು, ಬಂತು. ಮತ್ತೆ ತೆಗೆದಳು. ಕಾಶವ್ವ ಬಾಯಿಯ ಮೇಲೆ ಸೆರಗು ಒತ್ತಿಕೊಂಡು ನೆಲಕ್ಕೆ ಕೂತಳು. 'ಮದಲ ಹೇಳಬೇಕಿಲ್ಲೋ?' ಎಂದ ಶಶಿಕಾಂತ. 'ನನ್ನ ಕೈಲೆ ಹೊಡಸಿಗೋತ ನಿಂತಿ... ಹೊಡೀರಿ ಹೊಡೀರಿ ಅಂತ ನೀನ ಅಂತಿದ್ದಿ...' 'ನನಗ ಇವತ್ತ ತಿಳೀತು.'

ಎಣ್ಣೆಯ ಮೇಲೆ ಹೆಜ್ಜೆಯಿಟ್ಟು ಅವನು ಹತ್ತಿರ ಬಂದ, ಮೊಣಕಾಲೂರಿ ಕೂತ. 'ನಾ ಮುಟ್ಲಿ?' ಎಂದ. ಮದುವೆಯಾದ ಹೊಸದರಲ್ಲಿ ಒಮ್ಮೆ ಹೀಗೆ ಕೇಳಿದ್ದ. ಶುಭಾಂಗಿಗೂ ಬೇಕಾಗಿತ್ತು. ಕೈ ಕೆಳಗಿಳಿಸಿ, ಗೋಡೆಯ ಕಡೆ ತಿರುಗಿದ ಮುಖದಲ್ಲಿ ಕಾದಳು. ಕಣ್ಣಂಚಿನಲ್ಲಿ ಅವನ ಬೆರಳು ಬರುವುದು ಕಂಡಿತು, ಒಂದೇ ಬೆರಳು. ಬಂದಂತೆ ಬಂದಂತೆ ಅವಳ ಬಲಭುಜ ಕಿವಿಯ ತನಕ ಏರಿತು, ಹಲ್ಲು ಕಚ್ಚಿಕೊಂಡವು, ಕುತ್ತಿಗೆ ಇನ್ನೂ ಎಡಕ್ಕೆ, ಇನ್ನೂ ಎಡಕ್ಕೆ, ಮುರಿಯುವಷ್ಟು ತಿರುಗಿತು. ಬೆರಳು ತಾಗಿತು. ಏನೂ ಆಗಲಿಲ್ಲ. ಅವನು ತೆಗೆದು, ಅಂಗೈಯನ್ನು ಅಂಗಿಗೆ ಒರೆಸಿ ಮತ್ತೆ ಇಟ್ಟ. ಅವಳ ಮೈಯೆಲ್ಲ ಚಾಪೆಯಿಂದ ಒಂದು ಅಂಗುಲ ಸರಿಯಿತು. 'ನಾ ಒಲ್ಲೆ ಅನ್ನಾಕತ್ತಿಲ್ರಿ' ಎಂದಳು ಶುಭಾಂಗಿ ಗೋಡೆಗೆ. ಅವಳು ಅಳುತ್ತಿದ್ದಳು. 'ನಾ ಅನ್ನಾಕತ್ತಿಲ್ಲ.' ಕಾಶವ್ವ ಎದ್ದು, ಯಾರ ಮುಖವನ್ನೂ ನೋಡದೆ, ಬೂದಿ ಚೆಲ್ಲಿ ಎಣ್ಣೆ ಒರೆಸತೊಡಗಿದಳು.

ಬೆಳಿಗ್ಗೆ ಶುಭಾಂಗಿ ಆಸ್ಪತ್ರೆಗೆ ಹೊರಟಳು. ನೀಲಾವತಿಗೆ ಫೋನು ಮಾಡಿ ರಜೆ ಕೇಳಿದ್ದಳು. ಗಲ್ಲಕ್ಕೆ ಪಟ್ಟಿ ಅಂಟಿಸಿಕೊಂಡು, ಚೀಲದಲ್ಲಿ ನೀರಿನ ಬಾಟಲಿ ಇಟ್ಟುಕೊಂಡು, ಬೆಂಡೋಲೆ ಎರಡೂ ಕಿವಿಯಲ್ಲಿ ಇದ್ದ ಹಾಗೇ ಹೊಸ್ತಿಲಿಗೆ ಬಂದಳು. ಶಶಿಕಾಂತ ಅಲ್ಲೇ ನಿಂತಿದ್ದ. 'ನಾನೂ ಬರ್ಲ್ಯಾ?' ಎನ್ನಲು ನಿಂತಿದ್ದನೇನೋ. ಆದರೆ ಗಡಿಯಾರ ಮಣೆಯ ಮೇಲಿತ್ತು. ಅವನ ಬಲಗೈ ಎದ್ದಿತ್ತು, ಎದೆಯ ಮಟ್ಟಕ್ಕೆ, ಅಂಗೈ ಬಿಚ್ಚಿಕೊಂಡು. ಅವಳು ನೋಡಿದ ಮೇಲೆ ಅವನೂ ನೋಡಿದ. ನೋಡಿ ಬೆಚ್ಚಿದ. ಅದು ಯಾರದೋ ಕೈ ಎನ್ನುವ ಹಾಗೆ, ಎಡಗೈಯಿಂದ ಅದರ ಮಣಿಕಟ್ಟು ಹಿಡಿದು ಕೆಳಗಿಳಿಸಿದ. ಹಿಡಿದೇ ನಿಂತ, ಬಿಟ್ಟರೆ ಮತ್ತೆ ಏಳುವುದೇನೋ ಎಂಬಂತೆ. ಆ ಮುಖ ಶುಭಾಂಗಿಗೆ ಗೊತ್ತಿತ್ತು. ವರ್ಷದಿಂದ ಕನ್ನಡಿಯಲ್ಲಿ ನೋಡಿದ ಮುಖ ಅದು. ಒಳಗಿನಿಂದ ಕಾಶವ್ವ ಅಭ್ಯಾಸಬಲದಿಂದ, 'ಆತೇನು?' ಎಂದು, ಅಂದದ್ದನ್ನು ಅರ್ಧಕ್ಕೇ ನುಂಗಿದಳು.

ಶುಭಾಂಗಿ ಗದ್ದಕ್ಕೆ ಬೆರಳಿಟ್ಟು ಅವನ ಪಕ್ಕದಿಂದ ಹಾದು ಮೆಟ್ಟಿಲಿಳಿದಳು. ಬೆನ್ನ ಹಿಂದೆ ಚಪ್ಪಲಿ ಹುಡುಕುವ ಸಪ್ಪಳವಾಯಿತು, ಒಂದೆರಡು ಹೆಜ್ಜೆ ಬಂತು. ತಿರುವಿನಲ್ಲಿ ಅದು ನಿಂತಂಗಾತು. ಬೆರಳು ತೆಗೆದರೆ ಸಾಕು, ಕುತ್ತಿಗೆ ತಾನೇ ಹೊಳ್ಳಿ ನೋಡುತ್ತಿತ್ತು. ಅವಳು ಬೆರಳನ್ನು ಇನ್ನೂ ಸ್ವಲ್ಪ ಒತ್ತಿ ಹಿಡಿದು ಕೆಳಗಿನ ಮೆಟ್ಟಿಲ ಮೇಲೆ ಕಾಲಿಟ್ಟಳು.